ಬಿಟ್ಟಿ ಅನ್ನೋ ಪದ ಯಾರದ್ದು? ಕೋಲಾರ ಸೀಮೆಯಿಂದ ಸಾಮಾಜಿಕ ಭದ್ರತೆಯ ಒಂದು ಚರಿತ್ರೆ

ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

ವಿಧವಾ ವೇತನ, ರೇಷನ್ ಅಕ್ಕಿ, ಗೃಹಲಕ್ಷ್ಮಿ, ಯಾವುದರ ಮಾತು ಬಂದರೂ ಟೀ ಅಂಗಡಿಯಿಂದ ಟಿವಿ ಸ್ಟುಡಿಯೋವರೆಗೆ ಒಂದೇ ಪದ ಕೇಳಿಸುತ್ತೆ: ಬಿಟ್ಟಿ. "ಬಿಟ್ಟಿ ಭಾಗ್ಯ ಕೊಟ್ಟು ಜನರನ್ನ ಸೋಮಾರಿ ಮಾಡಿದರು, ಕೂಲಿಗೆ ಆಳು ಸಿಗ್ತಿಲ್ಲ" ಅಂತ. ಹೀಗೆ ಅನ್ನೋರಲ್ಲಿ ನಮ್ಮ ಮುಳಬಾಗಿಲು, ಶ್ರೀನಿವಾಸಪುರದ ಮಾವಿನ ತೋಟದ ಮಾಲೀಕರಿದ್ದಾರೆ, ತಿಂಗಳ ಸಂಬಳದ ನೌಕರರಿದ್ದಾರೆ, ಓದಿ ಬೆಂಗಳೂರು ಸೇರಿದ ನಮ್ಮ ಹುಡುಗರೂ ಇದ್ದಾರೆ. ಅವರಿಗೆಲ್ಲ ಉತ್ತರ ಕೊಡೋಕೆ ಮೊದಲು ಆ ಪದವನ್ನೇ ಒಂಚೂರು ಬಿಡಿಸಿ ನೋಡೋಣ.

ಬಿಟ್ಟಿ ಅನ್ನೋದು ಸಂಸ್ಕೃತದ 'ವಿಷ್ಟಿ'ಯಿಂದ ಬಂದ ಪದ. ಹಳೆಯ ಶಾಸನಗಳಲ್ಲಿ ಜನರ ಮೇಲೆ ಹೇರಿದ ತೆರಿಗೆಗಳ ಸಾಲಿನಲ್ಲಿ ಇದು ಬರುತ್ತೆ. ಅರ್ಥ ಏನು ಗೊತ್ತಾ? ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳೋ ಕೆಲಸ. ಅಂದರೆ ಬಿಟ್ಟಿ ಅನ್ನೋದು ಬಡವರು ತಿಂದದ್ದರ ಹೆಸರಲ್ಲ, ಬಡವರಿಂದ ಕಿತ್ತುಕೊಂಡದ್ದರ ಹೆಸರು. ಸಾವಿರ ವರ್ಷ ಬಿಟ್ಟಿ ಮಾಡಿದವರನ್ನ ಇವತ್ತು "ಬಿಟ್ಟಿ ತಿನ್ನೋರು" ಅಂತ ಕರೀತಿದ್ದಾರೆ. ಪದ ಹೇಗೆ ತಲೆಕೆಳಗಾಯ್ತು ಅನ್ನೋದೇ ನಮ್ಮ ಸೀಮೆಯ ಸಾಮಾಜಿಕ ಭದ್ರತೆಯ ಚರಿತ್ರೆ.

ಸಾಮಾಜಿಕ ಭದ್ರತೆ ಅಂದರೆ ಪುಸ್ತಕದಲ್ಲಿ ಬಹಳ ವ್ಯಾಖ್ಯಾನಗಳಿವೆ. ನನ್ನ ವ್ಯಾಖ್ಯಾನ ಒಂದೇ. ದಣಿ ಬಾಗಿಲಿಗೆ ಬಂದು "ನಾಳೆ ಕೆಲಸಕ್ಕೆ ಬಾ, ಕೊಟ್ಟಷ್ಟು ತಗೋ" ಅಂದಾಗ "ಒಲ್ಲೆ" ಅನ್ನೋ ಶಕ್ತಿ ಇದ್ದರೆ ಅದು ಭದ್ರತೆ. ಇಲ್ಲದಿದ್ದರೆ ಅದು ಭಿಕ್ಷೆ. ಈ ಅಳತೆಗೋಲು ಹಿಡಿದು ಚರಿತ್ರೆ ನೋಡೋಣ.

ಹಳೇ ಕಾಲದಲ್ಲಿ ಹಳ್ಳಿಗಳಲ್ಲಿ ಎಲ್ಲರನ್ನೂ ಊರೇ ನೋಡ್ಕೊಳ್ತಿತ್ತು, ಆಯಗಾರರಿಗೆ ಕಣದಲ್ಲೇ ಪಾಲು ಸಿಗ್ತಿತ್ತು ಅಂತ ಕೆಲವರು ಬಲು ಚೆಂದ ಬರೀತಾರೆ. ಸರಿ, ಯಾರು ಯಾರನ್ನ ನೋಡ್ಕೊಂಡರು? ನಮ್ಮದು ಸಾವಿರಾರು ಕೆರೆಗಳ ಜಿಲ್ಲೆ. ನದಿ ನಾಲೆ ಇಲ್ಲದ ಈ ಒಣನೆಲದಲ್ಲಿ ಕೆರೆಯೇ ಎಲ್ಲರ ವಿಮೆ. ಆ ವಿಮೆಯನ್ನ ಕಾಯ್ತಿದ್ದವನು ನೀರಗಂಟಿ. ತೂಬು ಎತ್ತೋದು, ಗದ್ದೆ ಗದ್ದೆಗೆ ನೀರು ಅಳೆದು ಬಿಡೋದು, ಮಳೆ ರಾತ್ರಿ ಏರಿ ಮೇಲೆ ಓಡಾಡಿ ಎಲ್ಲಿ ಸೋರ್ತಿದೆ ನೋಡೋದು. ಬಹುಪಾಲು ಕಡೆ ಈ ಕೆಲಸ ಹೊಲೆ-ಮಾದಿಗರ ಮನೆಗಳದ್ದು. ನೀರು ಹಂಚೋ ಆ ಕೈಗೆ ಊರ ಬಾವಿಯ ಹಗ್ಗ ಮುಟ್ಟೋ ಹಕ್ಕಿರಲಿಲ್ಲ. ತೋಟಿ ಅನ್ನೋನು ಪೈರು ಕಾಯಬೇಕು, ತಮಟೆ ಹೊಡೆದು ಸಾರಬೇಕು, ಸತ್ತ ದನ ಎಳೀಬೇಕು, ಸಾವಿನ ಸುದ್ದಿ ಹೊತ್ತು ನೆಂಟರೂರಿಗೆ ನಡೀಬೇಕು, ಸರ್ಕಾರದ ಸಾಹೇಬ ಬಂದರೆ ಗಡಿಕಲ್ಲು ತೋರಿಸಬೇಕು. ಊರಿನ ಬೆಳೆ, ಕೆರೆ, ಗಡಿ, ಹೆಣ, ಎಲ್ಲದಕ್ಕೂ ಭದ್ರತೆ ಕೊಟ್ಟವರು ನಮ್ಮವರು. ಅದಕ್ಕೆ ಪ್ರತಿಯಾಗಿ ಸಿಕ್ಕಿದ್ದು ಕಣದಲ್ಲಿ ಉಳಿದ ರಾಗಿ, ಒಂದು ತುಂಡು ಇನಾಮು ನೆಲ. ಆ ನೆಲ ಉಳೀಬೇಕಾದರೆ ಚಾಕರಿ ಮಾಡಲೇಬೇಕು. ಮಗನಿಗೆ ಜ್ವರ ಅಂತ ತೋಟಿ ರಜೆ ಹಾಕೋ ಹಾಗಿರಲಿಲ್ಲ. "ಒಲ್ಲೆ" ಅಂದರೆ ನೆಲವೂ ಹೋಯ್ತು, ಅನ್ನವೂ ಹೋಯ್ತು.

ಬಾಬಾಸಾಹೇಬರು ಇದನ್ನ ಬಹಳ ಬೇಗ ಕಂಡುಕೊಂಡರು. ಮಹಾರರ ವತನ ಅನ್ನೋದೂ ಇಂಥದ್ದೇ ವ್ಯವಸ್ಥೆ. 1928ರಲ್ಲೇ ಅವರು ಬಾಂಬೆ ಶಾಸನಸಭೆಯಲ್ಲಿ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ತಿರುಳು ಇಷ್ಟೇ: ನೆಲದ ಆಸೆ ತೋರಿಸಿ ತಲೆಮಾರುಗಟ್ಟಲೆ ಚಾಕರಿಗೆ ಕಟ್ಟಿಹಾಕಬೇಡಿ, ಕೆಲಸ ಇದ್ದರೆ ಲೆಕ್ಕ ಮಾಡಿ ಸಂಬಳ ಕೊಡಿ. ಅವತ್ತು ಆ ಮಸೂದೆ ಪಾಸಾಗಲಿಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂದದ್ದು 1961ರಲ್ಲಿ, ಜಾರಿಯಾದದ್ದು 1963ರ ಫೆಬ್ರವರಿ 1ರಂದು. ಆಗಲೂ ನೆಲ ತಾನಾಗೇ ಬರಲಿಲ್ಲ. ಸರ್ಕಾರ ಮೊದಲು ವಶಕ್ಕೆ ತಗೊಂಡು, ಆಮೇಲೆ ಅರ್ಜಿ ಹಾಕಿ ಹಣ ಕಟ್ಟಿದವರಿಗೆ ಮರುಮಂಜೂರು. ಓದು ಬಾರದ ತೋಟಿಗೆ ಅರ್ಜಿ ಬರೆದುಕೊಡೋರು ಯಾರು? ಶಾನುಭೋಗರೇ ತಾನೆ! ನಮ್ಮ ತಾತ ತೋಟಿಕೆ ಮಾಡಿದವರು. ನೆಲ ಕೈಗೆ ಬಂದ ಮನೆ ಯಾವುದು, ಬರದ ಮನೆ ಯಾವುದು ಅನ್ನೋದು ನಮ್ಮ ಕೇರಿಯಲ್ಲಿ ಇವತ್ತಿಗೂ ಗೋಡೆ ನೋಡಿದರೆ ಗೊತ್ತಾಗುತ್ತೆ.

ಇನ್ನು ಬರಗಾಲ. 1876-78ರ ದೊಡ್ಡ ಬರ ಮೈಸೂರು ಸಂಸ್ಥಾನವನ್ನ ಮುರಿದು ಹಾಕಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದರು. ನಮ್ಮ ಪೂರ್ವದ ಜಿಲ್ಲೆಗಳಿಗೆ ಹೊಡೆತ ಜೋರಾಗೇ ಬಿತ್ತು. ಊರೇ ನೋಡ್ಕೊಳ್ಳೋ ವ್ಯವಸ್ಥೆ ಇತ್ತಲ್ಲ, ಅದು ಮೊದಲು ಕೈಬಿಟ್ಟದ್ದು ಕಣದ ಪಾಲು ನಂಬಿದವರನ್ನ. ಕಣವೇ ಇಲ್ಲದ ಮೇಲೆ ಪಾಲೆಲ್ಲಿಂದ ಬರಬೇಕು? ಬ್ರಿಟಿಷ್ ಸರ್ಕಾರ ಬರ ಪರಿಹಾರ ಅಂತ ಕಲ್ಲು ಒಡೆಸಿತು, ಕೆರೆ ಅಗೆಸಿತು. ಪಕ್ಕದ ಮದ್ರಾಸ್ ಪ್ರಾಂತದಲ್ಲಿ ಸರ್ ರಿಚರ್ಡ್ ಟೆಂಪಲ್ ಒಬ್ಬ ಆಳು ಬದುಕೋಕೆ ಎಷ್ಟು ಕಾಳು ಸಾಕು ಅಂತ ಲೆಕ್ಕ ಹಾಕಿ, ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಅರ್ಧ ಆಣೆ ಅಂತ ಕೂಲಿ ಇಳಿಸಿದ. ಜನ ಕೆಲಸದ ಜಾಗದಲ್ಲೇ ಸತ್ತರು. ಬಡವರಿಗೆ ಜಾಸ್ತಿ ಕೊಟ್ಟರೆ ಸೋಮಾರಿ ಆಗ್ತಾರೆ ಅನ್ನೋ ಇವತ್ತಿನ ವಾದ ಇದೆಯಲ್ಲ, ಅದು ಹೊಸದಲ್ಲ. ಅದಕ್ಕೆ ಟೆಂಪಲ್ ಸಾಹೇಬನ ವಯಸ್ಸಾಗಿದೆ.

ಬರ ಮುಗಿದು ಹದಿನೈದು ವರ್ಷ ಆಗೋ ಮೊದಲೇ, 1891ರಲ್ಲಿ, ಮೈಸೂರು ಸಂಸ್ಥಾನ ಒಂದು ಒಳ್ಳೇ ಕೆಲಸ ಮಾಡಿತು. ಸರ್ಕಾರವೇ ಜೀವವಿಮೆ ಶುರು ಮಾಡಿತು. ಇವತ್ತಿನ ಕೆಜಿಐಡಿ ಅದರ ಮುಂದುವರಿಕೆ. ಆದರೆ ಅದು ಯಾರಿಗೆ? ಸರ್ಕಾರಿ ನೌಕರರಿಗೆ. ಆವತ್ತು ಸರ್ಕಾರಿ ನೌಕರಿಯಲ್ಲಿ ಯಾರಿದ್ದರು ಅಂತ ನಾನು ಹೇಳಬೇಕಾಗಿಲ್ಲ. ಆ ಚಿತ್ರ ನೋಡಿಯೇ ಬ್ರಾಹ್ಮಣೇತರರು ಹೋರಾಡಿದ್ದು, 1918ರಲ್ಲಿ ಮಿಲ್ಲರ್ ಸಮಿತಿ ಬಂದದ್ದು. ಗುಮಾಸ್ತನ ಹೆಂಡತಿಗೆ ಗಂಡ ಸತ್ತರೆ ವಿಮೆ ಇತ್ತು. ತೋಟಿಯ ಹೆಂಡತಿಗೆ ಗಂಡ ಸತ್ತರೆ ಮಗ ತೋಟಿ ಆಗ್ತಿದ್ದ, ಅಷ್ಟೇ.

ಇದು ನಮ್ಮ ಮೈಸೂರಿನ ಕಥೆ ಮಾತ್ರ ಅಂದ್ಕೋಬೇಡಿ. ಅಮೆರಿಕ 1935ರಲ್ಲಿ ಸೋಷಿಯಲ್ ಸೆಕ್ಯೂರಿಟಿ ಕಾಯ್ದೆ ಮಾಡಿದಾಗ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ಆಗ ಕಪ್ಪು ಜನರಲ್ಲಿ ಬಹುಪಾಲು ಮಾಡ್ತಿದ್ದದ್ದು ಆ ಎರಡೇ ಕೆಲಸ. ದಕ್ಷಿಣ ಆಫ್ರಿಕಾ 1928ರಲ್ಲಿ ವೃದ್ಧಾಪ್ಯ ಪಿಂಚಣಿ ತಂದಾಗ ಕರಿಯ ಆಫ್ರಿಕನ್ನರಿಗೆ ಕೊಡಲಿಲ್ಲ. 1944ರಲ್ಲಿ ಕೊಟ್ಟರು, ಬಿಳಿಯರಿಗೆ ಕೊಟ್ಟದ್ದರ ಒಂದು ಚೂರು ಮಾತ್ರ. ಎಲ್ಲರಿಗೂ ಒಂದೇ ಮೊತ್ತ ಆದದ್ದು 1993ರಲ್ಲಿ. ಕಾಯ್ದೆಯಲ್ಲಿ ಬಣ್ಣದ ಹೆಸರು ಬರೀಬೇಕು ಅಂತಿಲ್ಲ, ಜಾತಿ ಹೆಸರೂ ಬೇಕಿಲ್ಲ. "ಕೃಷಿ ಕಾರ್ಮಿಕರನ್ನು ಹೊರತುಪಡಿಸಿ" ಅಂತ ಬರೆದರೆ ಸಾಕು, ಕೆಲಸ ಆಗಿಹೋಯ್ತು.

ನಮ್ಮ ಜಿಲ್ಲೆಯಲ್ಲೇ ಇದರ ಇನ್ನೊಂದು ಮುಖ ನೋಡಬಹುದು. ಚಿನ್ನದ ಗಣಿಗೆ ಇಳಿದವರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ದಲಿತರು. ಅವರ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕೂತು ಸಾಯ್ತಿದ್ದಾಗ, 1940ರಲ್ಲಿ ಮೈಸೂರು ಸರ್ಕಾರ ಸಿಲಿಕೋಸಿಸ್ ನಿಯಮ ಮಾಡಿತು. ಆ ಕಾಯಿಲೆಗೆ ಪರಿಹಾರ ಕೊಡಬೇಕು ಅಂತಾಯ್ತು. ಗಣಿಯಲ್ಲಿ ಹಾಜರಿ ಪುಸ್ತಕ ಇತ್ತು, ಯೂನಿಯನ್ ಇತ್ತು, ಆಸ್ಪತ್ರೆ ಇತ್ತು. ಹಾಗಾಗಿ ಜೀವಕ್ಕೆ ಲೆಕ್ಕ ಇತ್ತು. ಅಲ್ಲಿಂದ ಮೂವತ್ತು ನಲವತ್ತು ಕಿಲೋಮೀಟರ್ ದೂರದ ಮಾಲೂರು, ಮುಳಬಾಗಿಲಿನ ಹೊಲಗಳಲ್ಲಿ ಅದೇ ಜಾತಿಯ ಜನಕ್ಕೆ ಯಾವ ಲೆಕ್ಕವೂ ಇರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಇವತ್ತು ಕಲ್ಲು ಕ್ವಾರಿ, ಕ್ರಷರ್‌ಗಳಲ್ಲಿ ಅದೇ ಧೂಳು ಕುಡೀತಿರೋ ಹುಡುಗರ ಹೆಸರು ಯಾವ ಹಾಜರಿ ಪುಸ್ತಕದಲ್ಲಿದೆ ಹೇಳಿ?

1942ರಿಂದ 46ರವರೆಗೆ ವೈಸ್‌ರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಖಾತೆ ನೋಡಿದವರು ಬಾಬಾಸಾಹೇಬರು. ಇಂಗ್ಲೆಂಡಿನಲ್ಲಿ ಬೆವೆರಿಜ್ ವರದಿ ಬಂದ ಕಾಲ ಅದು. ಇಲ್ಲಿ ಬಿ.ಪಿ. ಅಡಾರ್ಕರ್ ಅವರಿಂದ ಕಾರ್ಮಿಕರ ಆರೋಗ್ಯ ವಿಮೆ ಬಗ್ಗೆ 1944ರಲ್ಲಿ ವರದಿ ಬಂತು. ಅದರ ಬುನಾದಿ ಮೇಲೆ 1948ರಲ್ಲಿ ಇಎಸ್‌ಐ ಕಾಯ್ದೆ ಆಯ್ತು. ಇವತ್ತು ಇಎಸ್‌ಐ ಕಾರ್ಡ್ ಹಿಡಿದು ಆಸ್ಪತ್ರೆಗೆ ಹೋಗೋ ಎಲ್ಲ ಜಾತಿಯ ಕಾರ್ಮಿಕರೂ ಇದನ್ನ ತಿಳ್ಕೊಂಡಿರಬೇಕು. 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಮನವಿಯಲ್ಲಿ ಅವರು ಇನ್ನೂ ಮುಂದೆ ಹೋದರು. ವಿಮೆ ಸರ್ಕಾರದ ಕೈಯಲ್ಲೇ ಇರಬೇಕು, ಪ್ರತಿ ವಯಸ್ಕ ನಾಗರಿಕನಿಗೂ ಅವನ ಕೂಲಿಗೆ ತಕ್ಕ ವಿಮೆ ಕಡ್ಡಾಯ ಆಗಬೇಕು, ಬೇಸಾಯ ಸರ್ಕಾರಿ ಉದ್ಯಮ ಆಗಬೇಕು, ಇದೆಲ್ಲ ಸಂವಿಧಾನದೊಳಗೇ ಬರೀಬೇಕು ಅಂದರು. ಸರ್ಕಾರ ಬದಲಾದರೆ ಹೋಗೋ ಸ್ಕೀಮ್ ಬೇಡ, ಸಂವಿಧಾನವೇ ಕೊಡೋ ಹಕ್ಕು ಬೇಕು ಅನ್ನೋದು ಅವರ ಪಟ್ಟು.

ಸಂವಿಧಾನ ಸಭೆಯಲ್ಲಿ ಅದು ಪೂರ್ತಿ ದಕ್ಕಲಿಲ್ಲ. ದಕ್ಕಿದ್ದು 41ನೇ ವಿಧಿ: ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವೈಕಲ್ಯ ಬಂದಾಗ ಸಾರ್ವಜನಿಕ ನೆರವು. ಆದರೆ ಅದು ನಿರ್ದೇಶಕ ತತ್ವ, ಮೇಲಾಗಿ "ರಾಜ್ಯದ ಆರ್ಥಿಕ ಶಕ್ತಿಯ ಮಿತಿಯೊಳಗೆ" ಅನ್ನೋ ಷರತ್ತು ಬೇರೆ. ಕೋರ್ಟಿಗೆ ಹೋಗಿ ನೇರವಾಗಿ ಕೇಳೋಕಾಗಲ್ಲ. ಆ ಸಭೆಯಲ್ಲಿ ಮೈಸೂರಿನಿಂದ ಹೋದವರಲ್ಲಿ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ ಇದ್ದರು, ಟಿ. ಚನ್ನಯ್ಯ ಇದ್ದರು. ಕೋಲಾರದ ಚನ್ನಯ್ಯ ರಂಗಮಂದಿರಕ್ಕೆ ನಾವು ಭಾಷಣಕ್ಕೆ, ನಾಟಕಕ್ಕೆ ಹೋಗ್ತೀವಿ. ಹೊರಗೆ ಬರುವಾಗ ಹುಡುಗರಿಗೆ ಒಂದ್ಸಲ ಆ ಹೆಸರು ಯಾರದ್ದು ಅಂತ ಕೇಳಿ ನೋಡಿ.

ದೇಶದಲ್ಲಿ ಮೊದಲು ವೃದ್ಧಾಪ್ಯ ವೇತನ ಶುರು ಮಾಡಿದ್ದು ಉತ್ತರ ಪ್ರದೇಶ, 1957ರಲ್ಲಿ. 60ರ ದಶಕದಲ್ಲಿ ನಮ್ಮ ರಾಜ್ಯಕ್ಕೂ ಬಂತು. ಆದರೆ ಬುಡ ಅಲುಗಿದ್ದು ದೇವರಾಜ ಅರಸರ ಕಾಲದಲ್ಲಿ. 1974ರ ಭೂಸುಧಾರಣೆ, 1976ರ ಋಣ ಪರಿಹಾರ ಕಾಯ್ದೆ, 1978ರ ಪಿಟಿಸಿಎಲ್ ಕಾಯ್ದೆ. ಕೇಂದ್ರದಿಂದ 1975ರ ಅಕ್ಟೋಬರ್‌ನಲ್ಲಿ ಜೀತ ನಿಷೇಧದ ಸುಗ್ರೀವಾಜ್ಞೆ, 1976ರಲ್ಲಿ ಕಾಯ್ದೆ. ಅರಸು ಬಗ್ಗೆ ನಮಗೆ ಗೌರವ ಇದೆ, ಇರಬೇಕು. ಆದರೂ ಲೆಕ್ಕ ನೇರವಾಗಿರಲಿ. ಭೂಸುಧಾರಣೆಯಲ್ಲಿ ನೆಲ ಬಂದದ್ದು ಗೇಣಿದಾರನಿಗೆ. ನಮ್ಮ ಕಡೆ ದಲಿತರಲ್ಲಿ ಹೆಚ್ಚಿನವರು ಗೇಣಿದಾರರಲ್ಲ, ಜೀತಗಾರರು, ಕೂಲಿಗಳು. ಗೇಣಿ ಚೀಟಿ ಇದ್ದವರಿಗೆ ಟ್ರಿಬ್ಯುನಲ್ ಇತ್ತು, ಮೈಯೊಂದೇ ಇದ್ದವರಿಗೆ?

ಜೀತದ ವಿಷಯ ಸ್ವಲ್ಪ ನಿಂತು ನೋಡಬೇಕು, ಯಾಕಂದರೆ ನಾನು ಹೇಳೋ ಮಾತೆಲ್ಲ ಇಲ್ಲೇ ಇದೆ. ಜೀತಕ್ಕೆ ಬಿದ್ದವನು ಸಾಲ ಮಾಡಿದ್ದು ಯಾತಕ್ಕೆ? ಮದುವೆಗೆ ಅಂತ ಎಲ್ಲರೂ ಹೇಳ್ತಾರೆ. ಹಳಬರನ್ನ ಕೂರಿಸಿಕೊಂಡು ಕೇಳಿ, ಹೆಂಡತಿ ಬಾಣಂತನ, ಅಪ್ಪನ ಕಾಯಿಲೆ, ಮಣ್ಣು ಮಾಡೋ ಖರ್ಚು, ಮಳೆ ಬಾರದ ವರ್ಷದ ರಾಗಿ ಅಂತಾರೆ. ಹೆರಿಗೆ, ರೋಗ, ಮುಪ್ಪು, ಸಾವು, ಬರ. ಜಗತ್ತಿನಲ್ಲಿ ಎಲ್ಲೇ ಸಾಮಾಜಿಕ ಭದ್ರತೆಯ ಕಾಯ್ದೆ ತೆಗೆದು ನೋಡಿ, ಇದೇ ಪಟ್ಟಿ ಇರುತ್ತೆ. ನೌಕರನಿಗೆ ಈ ಪಟ್ಟಿಗೆ ಉತ್ತರ ವಿಮೆ, ಪಿಂಚಣಿ. ನಮ್ಮವರಿಗೆ ಇದ್ದ ಒಂದೇ ವಿಮಾ ಕಂಪನಿ ದಣಿ. ಪ್ರೀಮಿಯಂ ಏನು ಅಂದರೆ ಮಗ.

ಹಾಗಾಗಿ ಜೀತ ರದ್ದು ಅಂತ ಕಾಗದ ಕೊಟ್ಟು ಕಳಿಸಿದರೆ ಆತ ಎಲ್ಲಿಗೆ ಹೋಗಬೇಕು? 1978ರಲ್ಲಿ ಬಿಡುಗಡೆಯಾದವರಿಗೆ ಪುನರ್ವಸತಿ ಅಂತ 4,000 ರೂಪಾಯಿ ನಿಗದಿಯಾಯ್ತು, 2000ದ ಹೊತ್ತಿಗೆ 20,000 ಆಯ್ತು. ಬಿಡುಗಡೆ ಮಾಡಿ ಪುನರ್ವಸತಿ ಕೊಡದಿದ್ದರೆ ಮತ್ತೆ ಜೀತಕ್ಕೇ ತಳ್ಳಿದಂತೆ ಅಂತ 1984ರಲ್ಲಿ ನೀರಜಾ ಚೌಧರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ನಮ್ಮ ಜಿಲ್ಲೆಯಲ್ಲಿ ಜೀತ ಸಡಿಲ ಆದದ್ದು ಕಾಯ್ದೆಯಿಂದ ಮಾತ್ರ ಅಲ್ಲ. ದಲಿತ ಸಂಘರ್ಷ ಸಮಿತಿಯವರು ರಾತ್ರಿ ಕೇರಿ ಕೇರಿ ತಿರುಗಿ ಹಾಡು ಹಾಡಿದ್ದು, ಹುಡುಗರು ಹಾಸ್ಟೆಲ್ ಸೇರಿದ್ದು, ಬೆಂಗಳೂರಲ್ಲಿ ಗಾರೆ ಕೆಲಸ ಸಿಕ್ಕಿದ್ದು, ರೇಷ್ಮೆ-ಹಾಲು ಅಂತ ಕೈಗೆ ನಾಲ್ಕು ಕಾಸು ಬಂದದ್ದು, ಇವೆಲ್ಲ ಸೇರಿ. "ಒಲ್ಲೆ" ಅಂದ ಮೇಲೂ ಸಂಜೆಗೆ ಮುದ್ದೆ ಇದೆ ಅನ್ನೋ ಧೈರ್ಯ ಬಂದ ಮನೆಯಲ್ಲೇ ಜೀತ ನಿಂತದ್ದು.

ದರಖಾಸ್ತು ಜಮೀನಿನ ಪಾಡೂ ಇದೇ. ಮಂಜೂರಾದ ನೆಲ ಮಾರಿಕೊಂಡರು ಅಂತ ಬೈಯ್ತೀವಿ. ಯಾಕೆ ಮಾರಿದರು? ಆಸ್ಪತ್ರೆ ಬಿಲ್ಲು. ಆರೋಗ್ಯಕ್ಕೆ ಭದ್ರತೆ ಇಲ್ಲದ ಮನೆಯಲ್ಲಿ ನೆಲ ನಿಲ್ಲಲ್ಲ. ಆ ನೆಲ ವಾಪಸ್ ಕೇಳಿದರೆ ತಡ ಆಯ್ತು ಅಂತ 2017ರ ತೀರ್ಪಿನ ನಂತರ ಎಷ್ಟೋ ಅರ್ಜಿಗಳು ಬಿದ್ದುಹೋದವು. ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತ ಮೇಲೆ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು.

ನಮ್ಮ ತಾಲೂಕುಗಳಿಗೆ ಒಂದು ವಿಶೇಷ ಇದೆ. ಮಾಲೂರಿನ ಗಡಿ ದಾಟಿದರೆ ತಮಿಳುನಾಡು, ಮುಳಬಾಗಿಲು-ಶ್ರೀನಿವಾಸಪುರದ ಗಡಿ ದಾಟಿದರೆ ಆಂಧ್ರ. ಹೆಣ್ಣು ಕೊಡೋದು ತರೋದು ಎರಡೂ ಕಡೆ. 1982ರಲ್ಲಿ ಎಂಜಿಆರ್ ಶಾಲೆ ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿದರು. 1983ರಲ್ಲಿ ಎನ್‌ಟಿಆರ್ ಕಿಲೋಗೆ 2 ರೂಪಾಯಿ ಅಕ್ಕಿ ಕೊಟ್ಟರು. ಸಂಕ್ರಾಂತಿಗೆ ತವರಿಗೆ ಬಂದ ಹೆಣ್ಣುಮಕ್ಕಳ ಬಾಯಲ್ಲಿ ಆ ಸುದ್ದಿ ನಮ್ಮ ಕೇರಿಗಳಿಗೆ ಬಂತು. ಆಗ ಬೆಂಗಳೂರಿನ ಪಂಡಿತರು ಇದನ್ನೂ ಬಿಟ್ಟಿ ಅಂದರು, ಸಿನಿಮಾದವರ ಗಿಮಿಕ್ ಅಂದರು. ನಮ್ಮ ರಾಜ್ಯದ ಮಕ್ಕಳಿಗೆ ಬಿಸಿಯೂಟ ಬರೋಕೆ 20 ವರ್ಷ ಬೇಕಾಯ್ತು: 2001ರ ನವೆಂಬರ್ 28ರಂದು ಪಿಯುಸಿಎಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶ, 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ, 2003ರಲ್ಲಿ ನಮಗೆ. ಆ ಊಟಕ್ಕೂ ಜಾತಿ ಅಂಟಿತು. 2014ರಲ್ಲಿ ನಮ್ಮ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ದಲಿತ ಹೆಣ್ಣುಮಗಳು ಅಡುಗೆ ಮಾಡ್ತಾಳೆ ಅಂತ ನೂರಕ್ಕೂ ಹೆಚ್ಚು ಮಕ್ಕಳಿದ್ದ ಶಾಲೆಯಲ್ಲಿ ಇಪ್ಪತ್ತೂ ಉಳಿಯಲಿಲ್ಲ. ಹಾಗಾದರೆ ಊಟ ನಿಲ್ಲಿಸೋದಾ? ಇಲ್ಲ. ಒಟ್ಟಿಗೆ ಕೂತು ಉಣ್ಣೋದನ್ನ ಸರ್ಕಾರದ ಕಾರ್ಯಕ್ರಮ ಮಾಡಿದ್ದಕ್ಕೇ ಆ ಜಾತಿ ಬಯಲಿಗೆ ಬಿತ್ತು.

ಇನ್ನು ಪಿಂಚಣಿ. 1984ರಲ್ಲಿ ರಾಜ್ಯದಲ್ಲಿ ನಿರ್ಗತಿಕ ವಿಧವಾ ವೇತನ ಬಂತು. 1995ರ ಆಗಸ್ಟ್ 15ಕ್ಕೆ ಕೇಂದ್ರದ ವೃದ್ಧಾಪ್ಯ ವೇತನ: 65 ದಾಟಿದವರಿಗೆ ತಿಂಗಳಿಗೆ 75 ರೂಪಾಯಿ. ಆಮೇಲೆ 200 ಆಯ್ತು. 2007ರಲ್ಲಿ ಅದಕ್ಕೆ ಇಂದಿರಾ ಗಾಂಧಿ ಹೆಸರು ಬಂತು, 2011ರಲ್ಲಿ ವಯಸ್ಸು 60ಕ್ಕೆ ಇಳಿಯಿತು, 80 ದಾಟಿದವರಿಗೆ 500. 2007ರಲ್ಲೇ ರಾಜ್ಯ 400 ರೂಪಾಯಿಯ ಸಂಧ್ಯಾ ಸುರಕ್ಷಾ ತಂದಿತು. 2021ರಲ್ಲಿ ಅದು 1,200 ಆಯ್ತು, ವಿಧವಾ ವೇತನ 800.

ಇದರಲ್ಲಿ ಒಂದು ಅಂಕಿ ಗಮನಿಸಿ. 60ರಿಂದ 79ರ ಮುದುಕರಿಗೆ ಕೇಂದ್ರದ ಪಾಲು 200 ರೂಪಾಯಿ. ಅದು ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ ನಿಂತಲ್ಲೇ ನಿಂತಿದೆ. ಸರ್ಕಾರಿ ನೌಕರನ ತುಟ್ಟಿಭತ್ಯೆ ವರ್ಷಕ್ಕೆ ಎರಡು ಸಲ ಏರುತ್ತೆ. ಏರಲಿ, ನನಗೇನು ಹೊಟ್ಟೆಕಿಚ್ಚಿಲ್ಲ. ಆದರೆ ಎಣ್ಣೆ, ಬೇಳೆ, ಮಾತ್ರೆ ಬೆಲೆ ನೌಕರನಿಗೆ ಮಾತ್ರ ಏರುತ್ತಾ? 1891ರಲ್ಲಿ ಎಳೆದ ಗೆರೆ ಇನ್ನೂ ಅಳಿಸಿಲ್ಲ ಅಂತ ನಾನು ಹೇಳೋದು ಇದಕ್ಕೇ. ನಂಗಲಿ ದಾಟಿದರೆ ಆಂಧ್ರದಲ್ಲಿ 2024ರಿಂದ ವಿಧವೆಗೆ ತಿಂಗಳಿಗೆ 4,000 ರೂಪಾಯಿ. ಅಕ್ಕ ಮುಳಬಾಗಿಲಲ್ಲಿ, ತಂಗಿ ಪಲಮನೇರಿನಲ್ಲಿ ಮದುವೆಯಾಗಿ ಇಬ್ಬರೂ ಗಂಡನ್ನ ಕಳ್ಕೊಂಡರೆ, ಅಕ್ಕನ ದುಃಖಕ್ಕೆ 800, ತಂಗಿಯ ದುಃಖಕ್ಕೆ 4,000. 2023ರಿಂದ ಗೃಹಲಕ್ಷ್ಮಿಯ 2,000 ಸೇರಿದ್ದರಿಂದ ಅಕ್ಕ ಸ್ವಲ್ಪ ಉಸಿರಾಡ್ತಿದ್ದಾಳೆ. ಅದನ್ನ ಬಿಟ್ಟಿ ಅನ್ನೋರು ಅವಳ ಮುಂದೆ ನಿಂತು ಅನ್ನಲಿ.

ನಾವು ಸಂಘಟನೆಯವರು ಪಿಂಚಣಿ ಅರ್ಜಿ ಬರೆದುಕೊಡೋದು ಎಷ್ಟೋ ವರ್ಷದಿಂದ ನಡೆದಿದೆ. ಗಂಡನ ಮರಣಪತ್ರ, ಆದಾಯ ಪತ್ರ, ಆಧಾರ್, ಬ್ಯಾಂಕ್ ಪುಸ್ತಕ, ಒಂದರಲ್ಲಿ ಮುನಿಯಮ್ಮ, ಇನ್ನೊಂದರಲ್ಲಿ ಮುನೆಮ್ಮ. ಕಚೇರಿಯಲ್ಲಿ ವಾಪಸ್. ಗುಂಡಿ ತೋಡಿದವನ ಮರಣಕ್ಕೆ ಸಾಕ್ಷಿ ಇಡೀ ಊರು, ಆದರೆ ಕಾಗದಕ್ಕೆ ಊರು ಕಾಣಲ್ಲ. ಮಾಲೂರಿನ ಇಟ್ಟಿಗೆ ಗೂಡಲ್ಲಿ ಮಣ್ಣು ಕಲಸಿ ಕಲಸಿ ಬೆರಳ ಗೆರೆ ಸವೆದವಳಿಗೆ ರೇಷನ್ ಅಂಗಡಿ ಮೆಷಿನ್ "ಹೊಂದಾಣಿಕೆ ಇಲ್ಲ" ಅನ್ನುತ್ತೆ. ದುಡಿದದ್ದಕ್ಕೇ ಗುರುತು ಅಳಿಸಿಹೋಗೋದು ಅಂದರೆ ಇದು.

2005ರ ಉದ್ಯೋಗ ಖಾತ್ರಿ ಕಾಯ್ದೆ 2008ರ ಏಪ್ರಿಲ್ 1ಕ್ಕೆ ದೇಶದ ಎಲ್ಲ ಗ್ರಾಮೀಣ ಜಿಲ್ಲೆಗಳಿಗೆ ವಿಸ್ತರಣೆಯಾದಾಗ ನಮಗೂ ಬಂತು. ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ, ಹಣ ಅವಳ ಹೆಸರಿನ ಖಾತೆಗೆ. ತಾತ ನೀರಗಂಟಿ ಚಾಕರಿಗೆ ಕಾಯ್ದಿದ್ದ ಕೆರೆಯ ಹೂಳನ್ನ ಮೊಮ್ಮಗಳು ಕಾಯ್ದೆಯ ಕೂಲಿಗೆ ತೆಗೆದಳು. ಕೂಲಿ ತಡ ಆಗಿದ್ದು, ಜೆಸಿಬಿ ತಂದು ಬಿಲ್ಲು ಮಾಡಿದ್ದು ನಮಗೂ ಗೊತ್ತು, ಅದರ ವಿರುದ್ಧ ಕೂಗಿದವರೂ ನಾವೇ. ಆದರೂ ಹೊಲದ ಕೂಲಿ ಏರಿದ್ದು ಆಮೇಲೆಯೇ. "ಆಳು ಸಿಗ್ತಿಲ್ಲ" ಅನ್ನೋ ದೂರಿನ ನಿಜವಾದ ಅರ್ಥ "ಕಡಿಮೆ ಕೂಲಿಗೆ ಆಳು ಸಿಗ್ತಿಲ್ಲ" ಅಂತ. ಅದು ಸೋಮಾರಿತನ ಅಲ್ಲ ಸ್ವಾಮಿ, "ಒಲ್ಲೆ".

ಭದ್ರತೆ ಎಲ್ಲಿ ಖಾಲಿ ಬಿಡ್ತೀರೋ ಅಲ್ಲಿ ಸಾಲದವನು ಬಂದು ಕೂರ್ತಾನೆ. ಹಿಂದೆ ದಣಿ, ಈಗ ಮೈಕ್ರೋಫೈನಾನ್ಸ್. 2009ರಲ್ಲಿ ಕೋಲಾರ ನಗರದಲ್ಲಿ ರೇಷ್ಮೆ ಕೆಲಸದ ಮುಸ್ಲಿಂ ಹೆಣ್ಣುಮಕ್ಕಳು ನಾಲ್ಕೈದು ಕಂಪನಿ ಸಾಲದಲ್ಲಿ ಸಿಕ್ಕಿಹಾಕಿಕೊಂಡಾಗ ಅಂಜುಮನ್ ಸಂಸ್ಥೆ ಕಂತು ಕಟ್ಟಬೇಡಿ ಅಂತ ಕರೆ ಕೊಟ್ಟಿತು. ದೇಶವಿಡೀ ಸುದ್ದಿಯಾಯ್ತು. ಎಲ್ಲರೂ ಮರುಪಾವತಿ ಬಗ್ಗೆ ಮಾತಾಡಿದರು, ಆ ಸಾಲ ಯಾತಕ್ಕೆ ಅಂತ ಕೇಳಿದವರು ಕಡಿಮೆ. ಕಿರುಕುಳ ತಡೆಯೋಕೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯ್ತು. ಒಳ್ಳೇದು. ಆದರೆ ಜೀತ ಕಾಯ್ದೆಯ ಪಾಠವೇ ಇಲ್ಲೂ ಇದೆ. ಸಾಲಗಾರನ ಕೈ ಕಟ್ಟಿದರೆ ಸಾಲದು, ಸಾಲ ಮಾಡಿಸೋ ಹೆರಿಗೆ-ಕಾಯಿಲೆ-ಮುಪ್ಪಿಗೆ ಉತ್ತರ ಬೇಕು.

ಫ್ಯಾಕ್ಟರಿ ಬಂದರೆ ಎಲ್ಲ ಸರಿಹೋಗುತ್ತೆ ಅನ್ನೋರಿಗೆ ನರಸಾಪುರ ನೆನಪಿಸ್ತೀನಿ. 2020ರ ಡಿಸೆಂಬರ್ 12ರಂದು ಐಫೋನ್ ಜೋಡಿಸೋ ಕಾರ್ಖಾನೆಯಲ್ಲಿ ಗಾಜು ಒಡೆದವು. ನಾನು ಆ ಹಾನಿಯನ್ನ ಸಮರ್ಥಿಸಲ್ಲ. ಆದರೆ ಹುಡುಗರ ದೂರು ಏನಿತ್ತು? ಸಂಬಳ ಸರಿಯಾಗಿ ಬಂದಿಲ್ಲ ಅಂತ. ಬಹುಪಾಲು ಗುತ್ತಿಗೆ ಕೆಲಸಗಾರರು. ಜಗತ್ತಿನ ದುಬಾರಿ ಫೋನ್ ಮಾಡೋ ಕೈಗೂ ತಿಂಗಳ ಕೊನೆಗೆ ಎಷ್ಟು ಬರುತ್ತೆ ಅನ್ನೋ ಖಾತ್ರಿ ಇರಲಿಲ್ಲ.

ಕೊನೆಗೆ ಕಂಬಾಲಪಲ್ಲಿ. 2000ದ ಮಾರ್ಚ್ 11, ಆಗಿನ್ನೂ ನಮ್ಮದೇ ಜಿಲ್ಲೆಯ ಚಿಂತಾಮಣಿ ತಾಲೂಕು. ಏಳು ಜನ ದಲಿತರನ್ನ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟ್ ಕೂಡ ಆ ಖುಲಾಸೆಯನ್ನೇ ಎತ್ತಿಹಿಡಿಯಿತು. ಪಿಂಚಣಿ ಬೆಂಕಿ ತಡೆಯಲ್ಲ, ನಿಜ. ಆದರೆ ಬೆಳಗಾದರೆ ಯಾರ ಹೊಲಕ್ಕೆ ಕೂಲಿಗೆ ಹೋಗಬೇಕೋ ಅವರ ವಿರುದ್ಧ ಕಟಕಟೆಯಲ್ಲಿ ನಿಲ್ಲೋದು ಎಷ್ಟು ಕಷ್ಟ ಅನ್ನೋದು ಕೇರಿಯಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಸತ್ಯ ಹೇಳೋಕೂ ಹೊಟ್ಟೆಗೆ ಭದ್ರತೆ ಬೇಕು. ಅದಕ್ಕೇ ಇದು ಬರೀ ಹಣದ ಪ್ರಶ್ನೆ ಅಲ್ಲ, ನ್ಯಾಯದ ಪ್ರಶ್ನೆ.

2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಪರಿಶಿಷ್ಟ ಜಾತಿಯ ಪ್ರಮಾಣ ಅತಿ ಹೆಚ್ಚಿರೋ ಜಿಲ್ಲೆ ನಮ್ಮದು, ನೂರಕ್ಕೆ 30. ಹಾಗಾಗಿ ಈ ಬೇಡಿಕೆ ಇಲ್ಲಿಂದಲೇ ಏಳಬೇಕು.

ಒಂದು, ಪಿಂಚಣಿ ಸ್ಕೀಮ್ ಆಗಿರೋದು ಬೇಡ, ಕಾಯ್ದೆ ಆಗಲಿ. ಮೊತ್ತ ತುಟ್ಟಿಭತ್ಯೆ ಥರ ಬೆಲೆ ಏರಿದಂತೆ ತಾನೇ ಏರಲಿ.

ಎರಡು, ಗಂಡನ ಮರಣ ನೋಂದಣಿಯಾದ ದಿನವೇ ಹೆಂಡತಿಯ ವೇತನ ಶುರುವಾಗಲಿ. ಅರವತ್ತು ತುಂಬಿದ ದಿನ ಮುದುಕರ ವೇತನ ಶುರುವಾಗಲಿ. ಸರ್ಕಾರದ ಹತ್ತಿರ ಎಲ್ಲ ದಾಖಲೆ ಇದ್ದೂ ಅವಳನ್ನ ಯಾಕೆ ಓಡಾಡಿಸ್ತೀರಿ?

ಮೂರು, ಬೆರಳು ಹೊಂದದಿದ್ದರೆ ಅನ್ನ ನಿಲ್ಲಬಾರದು.

ನಾಲ್ಕು, ಕ್ವಾರಿ, ಇಟ್ಟಿಗೆ ಗೂಡು, ತೋಟ, ಗುತ್ತಿಗೆ, ಎಲ್ಲಿ ದುಡಿದರೂ ಇಎಸ್‌ಐ, ಪಿಎಫ್ ಅವನ ಹೆಸರಿಗೆ ಅಂಟಿಕೊಂಡು ಬರಲಿ.

ಐದು, ಹಣ ಎಲ್ಲಿದೆ ಅಂತ ಕೇಳೋರು ಮೊದಲು ಒಂದು ಲೆಕ್ಕ ಕೊಡಿ. ತೂಬು ಎತ್ತಿದ, ಪೈರು ಕಾಯ್ದ, ದನ ಎಳೆದ, ಹೆಣ ಹೊತ್ತ ಕೂಲಿ ಎಷ್ಟು ತಲೆಮಾರಿನದ್ದು ಬಾಕಿ ಇದೆ?

ಮುಂದಿನ ಗ್ರಾಮಸಭೆಗೆ ಹೋಗುವಾಗ ನಿಮ್ಮ ಕೇರಿಯಲ್ಲಿ ಪಿಂಚಣಿ ಬರಬೇಕಾಗಿದ್ದೂ ಬಾರದವರ ಹೆಸರು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ಕೇಳಿ ತಗೊಳ್ಳಿ. ಯಾರಾದರೂ ಬಿಟ್ಟಿ ಅಂದರೆ ಆ ಪದದ ಅರ್ಥ ಹೇಳಿಕೊಡಿ.

ಜೈ ಭೀಮ್.